ಪಾಪು ವಿಷಯ ಎತ್ತಬಾರದು

ಡಿಸೆಂಬರ್ 17

ಈ ಪುಸ್ತಕ ಕೊಂಡದ್ದು ಡಾಕ್ಟರಮ್ಮ ಹೇಳಿದ್ದಕ್ಕೆ. ತಿಂಗಳ ತಾರೀಖು, ಮಾತ್ರೆ ನುಂಗಿದ ದಿನ, ಮೈಬಿಸಿಯ ಅಂಕಿ, ಎಲ್ಲ ಬರೆದಿಡಬೇಕಿತ್ತು. ಹೋದ ತಿಂಗಳು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನು ನಾನು ಮಾಡೋಂಥದ್ದು ಏನೂ ಉಳಿದಿಲ್ಲಮ್ಮ" ಎಂದರು. ಅಲ್ಲಿಗೆ ತಾರೀಖು ಬರೆಯುವ ಕೆಲಸ ಮುಗಿಯಿತು. ಪುಟಗಳು ಮಾತ್ರ ಬೇಕಾದಷ್ಟು ಉಳಿದಿವೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಆದರೂ ಬಾಯಿಬಿಟ್ಟು ಹೇಳಲಾರದ್ದನ್ನು ಬರೆದುಕೊಳ್ಳಲು ಅಷ್ಟು ಅಕ್ಷರ ಸಾಕು.

ಊಟಕ್ಕೆ ಕೂತಾಗ ಇವರು ಸುದ್ದಿ ಹೇಳಿದರು.

"ಈ ಸಲ ರಜೆಗೆ ಎಲ್ಲರೂ ನಮ್ಮನೆಗೇ ಬರ್ತಾರೆ. ಅಣ್ಣನ ಮನೆ ಚಾವಣಿ ಬಿಚ್ಚಿ ಹಾಕಿದ್ದಾರಂತೆ."

ವರ್ಷದ ಕೊನೆಯ ರಜೆಗೆ ನಾವೇ ಭಾವನ ಮನೆಗೆ ಹೋಗುವುದು ರೂಢಿ. ಹೋದವರು ತಲೆನೋವೆಂದು ಬೇಗ ಹೊರಟುಬರಬಹುದು. ಬಂದವರನ್ನು ಹಾಗೆ ಕಳಿಸಲಾಗದು.

"ಮಕ್ಕಳೂ ಬರ್ತಾರಾ?"

"ಮತ್ತೆ? ಮಕ್ಕಳನ್ನ ಒಳಗಿಟ್ಟು ಬೀಗ ಹಾಕಿ ಬರ್ತಾರಾ?" ಎಂದು ನಕ್ಕರು. ಇವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ನುಗಳ ನಡುವೆ ಮಾತಾಡಿ ಮಾತಾಡಿ ದನಿ ದೊಡ್ಡದಾಗಿದೆ. ನಕ್ಕರೆ ಪಕ್ಕದ ಮನೆಗೂ ಕೇಳುತ್ತದೆ. ನಗು ಮುಗಿದ ಮೇಲೆ ನನ್ನ ಮುಖ ನೋಡಿ, "ನಿನಗೆ ಕಷ್ಟ ಆಗಲ್ವಾ?" ಎಂದರು.

ಇಲ್ಲ ಎಂದೆ.

ಡಿಸೆಂಬರ್ 19

ಮನೆ ಒತ್ತರಿಸಿದೆ. ನಮ್ಮದು ಒಂದು ಹಜಾರ, ಒಂದು ಮಲಗುವ ಕೋಣೆ, ಅಡುಗೆಮನೆ, ಅದರ ಹಿಂದೆ ಟ್ರಂಕಿನ ಕೋಣೆ. ಬಾಡಿಗೆಗೆ ಬಂದ ದಿನ ಮನೆಯೊಡತಿ ಆ ಕೋಣೆಯ ಬಾಗಿಲು ತಳ್ಳಿ, "ಮಗು ಆದ ಮೇಲೆ ತೊಟ್ಟಿಲು ಇಲ್ಲಿ ಹಾಕ್ಕೊಳ್ಳಿ, ಬೆಚ್ಚಗಿರತ್ತೆ" ಎಂದಿದ್ದರು. ನಾವು ಕಿಟಕಿಯ ಕೆಳಗೆ ಹಳೆಯ ಟ್ರಂಕು ಹಾಕಿದೆವು. ಸುತ್ತಿಟ್ಟ ಹಾಸಿಗೆಯೊಂದು ಇದೆ. ಉಳಿದ ಜಾಗದಲ್ಲಿ ಒಬ್ಬರು ಕಾಲು ಮಡಚಿ ಕೂರಬಹುದು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಭುಜ ಕೊಟ್ಟು ತಳ್ಳಬೇಕು. ಕೆಳಗೆ ಮಾತ್ರ ಉದ್ದಕ್ಕೂ ಎರಡು ಬೆರಳು ಎತ್ತರದ ಸಂದು.

ಮನೆಯಲ್ಲಿದ್ದಾಗ ನಾನು ರಫು ಮಾಡುವುದು ಅಲ್ಲಿಯೇ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹಿಂಬದಿಯಲ್ಲಿ ನನಗೊಂದು ಸ್ಟೂಲು ಇದೆ. ಕೋಟು, ಶಾಲುಗಳಲ್ಲಿ ಹುಳ ತಿಂದದ್ದನ್ನು, ಬೀಡಿಯ ಕಿಡಿ ಬಿದ್ದು ತೂತಾದದ್ದನ್ನು ತುಂಬಿಕೊಡುತ್ತೇನೆ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ತೂತಿನ ಮೇಲೆ ಒಂದು ಮೇಲೆ ಒಂದು ಕೆಳಗೆ ನೇಯಬೇಕು. ಮುಗಿಯದ್ದನ್ನು ಮನೆಗೆ ತರುತ್ತೇನೆ. ರಜೆ ಹತ್ತಿರವಾದಂತೆ ಕೆಲಸ ಜಾಸ್ತಿ. ಎಲ್ಲರಿಗೂ ನೆಂಟರ ಮುಂದೆ ತೂತಿಲ್ಲದ ಕೋಟು ಬೇಕು.

ಡಿಸೆಂಬರ್ 21

ಬಂದರು. ಅತ್ತೆ, ಭಾವ, ಅಕ್ಕ, ಮೂರು ಮಕ್ಕಳು.

ಅಕ್ಕ ಎಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ದೊಡ್ಡ ಮಗಳನ್ನು ಎಲ್ಲರೂ ಟೀಚರಮ್ಮ ಎನ್ನುತ್ತಾರೆ. ಒಂಬತ್ತು ವರ್ಷಕ್ಕೇ ತಮ್ಮನನ್ನೂ ತಂಗಿಯನ್ನೂ ಸಾಲಾಗಿ ನಿಲ್ಲಿಸುವ ಗತ್ತು. ಎರಡನೆಯವನು ಗುಂಡ. ಕೊನೆಯವಳು ಚಿನಕುರಳಿ, ನಾಲ್ಕು ವರ್ಷ. ಮಾತು ಬಂದಾಗಿನಿಂದ ಬಾಯಿ ಮುಚ್ಚಿದ್ದೇ ಇಲ್ಲ ಎಂದು ಭಾವ ಹೇಳುತ್ತಿರುತ್ತಾರೆ.

ಆ ಚಿನಕುರಳಿ ಇವತ್ತು ಒಂದು ಮಾತೂ ಆಡಲಿಲ್ಲ. ಮೂವರೂ ಶೂಗಳನ್ನು ಹೊರಗೇ ಬಿಚ್ಚಿ, ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಒಳಗೆ ಬಂದರು. ಟೀಚರಮ್ಮ ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಸದ್ದಾಗದಂತೆ ಮುಚ್ಚಿದಳು. ಗುಂಡನಿಗೆ ಸೀನು ಬಂತು. ಅವನು ಮೂಗನ್ನು ಅಂಗೈಯಿಂದ ಒತ್ತಿಕೊಂಡು ಹೊರಗೆ ಓಡಿ, ಬೀದಿಯಲ್ಲಿ ನಿಂತು ಸೀನಿ ಬಂದ.

"ಏನಕ್ಕ, ಮಕ್ಕಳು ಇಷ್ಟು ಒಳ್ಳೆಯವರಾಗಿಬಿಟ್ಟಿದ್ದಾರೆ?" ಎಂದೆ.

"ನನಗೂ ಅದೇ ಆಶ್ಚರ್ಯ ಕಣೆ. ಬಸ್ಸು ಇಳಿದಾಗಿನಿಂದ ಹೀಗೇ. ಜ್ವರ ಬಂದಿದ್ಯೋ ಏನೋ" ಎಂದು ಮೂವರ ಹಣೆಯನ್ನೂ ಮುಟ್ಟಿ ನೋಡಿದರು.

ಅಕ್ಕ ದೊಗಳೆ ಬಟ್ಟೆ ಹಾಕಿಕೊಂಡಿದ್ದಾರೆ. ಪಕ್ಕದ ಹೊಲಿಗೆಗಳನ್ನು ಬಿಚ್ಚಿ, ಹೊಟ್ಟೆಯ ಹತ್ತಿರ ಸಡಿಲ ಬಿಟ್ಟು ಹೊಸದಾಗಿ ಹಾಕಿದ್ದು ಕಾಣುತ್ತಿತ್ತು. ಎಲ್ಲರಿಗೂ ಗೊತ್ತಿದೆ, ನನಗೆ ಯಾರೂ ಹೇಳಿಲ್ಲ. ನಾನೂ ಕೇಳಲಿಲ್ಲ. ನೀರು ತಂದುಕೊಟ್ಟೆ.

ಡಿಸೆಂಬರ್ 22

ಊಟಕ್ಕೆ ಹಜಾರದಲ್ಲಿ ಚಾಪೆ ಹಾಸಿದೆವು. ಬಡಿಸಿ ಮುಗಿಸಿ ಬಂದರೆ ಗುಂಡನಿಗೂ ಚಿನಕುರಳಿಗೂ ನಡುವೆ ಒಂದು ಜಾಗ ಖಾಲಿ ಇತ್ತು. ಕೂರಲು ಹೋದೆ. ಇಬ್ಬರೂ ಒಟ್ಟಿಗೆ ಚಾಪೆಯ ಮೇಲೆ ಅಂಗೈ ಇಟ್ಟರು.

"ಅಲ್ಲಿ ಬೇಡ ಚಿಕ್ಕಮ್ಮ."

"ಯಾಕೋ? ಯಾರಿಗೆ ಜಾಗ ಹಿಡಿದಿದ್ದೀಯ?"

ಗುಂಡ ಟೀಚರಮ್ಮನ ಕಡೆ ನೋಡಿದ. ಅವಳು ಅವನ ತೊಡೆ ಚಿವುಟಿದಳು. "ಅವನಿಗೆ ಸೆಕೆ ಅಂತೆ ಚಿಕ್ಕಮ್ಮ, ಗಾಳಿ ಬೇಕಂತೆ" ಎಂದಳು. ಹೊರಗೆ ಹಲ್ಲು ಕಟಕಟಿಸುವ ಚಳಿ.

ನಾನು ಅಡುಗೆಮನೆಯ ಹೊಸಿಲಲ್ಲಿ ಕೂತು ಉಂಡೆ. ಖಾಲಿ ಜಾಗಕ್ಕೆ ಅನ್ನದ ಅಗುಳು ಬಿದ್ದಿತ್ತು. ಚಿನಕುರಳಿ ಅದನ್ನು ಹೆಕ್ಕಿ, ಅಲ್ಲಿ ಕೂತ ಯಾರದೋ ಬಾಯಿ ಒರೆಸುವಂತೆ ಕೈಯಾಡಿಸಿದ್ದನ್ನು ಕಂಡೆ. ಮಕ್ಕಳ ಆಟ.

ಡಿಸೆಂಬರ್ 23

ಅಂಗಡಿಯಿಂದ ಬಂದಾಗ ಟ್ರಂಕಿನ ಕೋಣೆಯ ಬಾಗಿಲ ಮುಂದೆ ಅರ್ಧ ಬಿಸ್ಕತ್ತು. ಇರುವೆ ಮುತ್ತಿತ್ತು. ಗುಡಿಸಿ ಹಾಕಿದೆ. ಭುಜ ಕೊಟ್ಟು ಬಾಗಿಲು ತೆರೆದರೆ ಒಳಗೂ ಬಿಸ್ಕತ್ತಿನ ಚೂರು, ಜೊತೆಗೆ ಒಂದು ಹಸಿರು ಗೋಲಿ. ಸಂದಿನಿಂದ ತೂರಿಸಿದ್ದಾರೆ.

ಬಯ್ಯಬೇಕೆಂದುಕೊಂಡೆ. ಬಯ್ಯಲು ಕರೆದರೆ ಮೂವರೂ ಎಷ್ಟು ಮೆತ್ತಗೆ ನಡೆದುಬಂದರೆಂದರೆ ಬಾಯಿ ಬರಲಿಲ್ಲ.

ಡಿಸೆಂಬರ್ 24

ಇದನ್ನು ಬರೆಯಲು ಸರಿಯಾದ ಮಾತು ಸಿಗುತ್ತಿಲ್ಲ. ನಡೆದಂತೆ ಬರೆಯುತ್ತೇನೆ.

ಮಧ್ಯಾಹ್ನ ದೊಡ್ಡವರೆಲ್ಲ ಪೇಟೆಗೆ ಹೋಗಿದ್ದರು. ನಾನು ಟ್ರಂಕಿನ ಕೋಣೆಯಲ್ಲಿ ಬಾಗಿಲು ಮುಚ್ಚಿ ಒಂದು ಕಪ್ಪು ಕೋಟು ಹಿಡಿದು ಕೂತಿದ್ದೆ. ಕಪ್ಪು ಬಟ್ಟೆಯಲ್ಲಿ ಎಳೆ ಕಾಣುವುದಿಲ್ಲ, ತಪ್ಪಬಾರದೆಂದು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಹೇಳಿಕೊಳ್ಳುತ್ತಾ ನೇಯುವುದು ನನ್ನ ಅಭ್ಯಾಸ. ಯಾರೋ ಉಸಿರಾಡುವುದು ಕೇಳಿತು. ನನ್ನ ಉಸಿರು ಬಿಗಿಹಿಡಿದೆ. ಆದರೂ ಕೇಳುತ್ತಿತ್ತು. ಬಾಗಿಲ ಸಂದಿನಲ್ಲಿ ಬೆಳಕು ಅಲ್ಲಲ್ಲಿ ಕಡಿದಿತ್ತು. ಪುಟ್ಟ ಪಾದಗಳು.

ಆಮೇಲೆ ಸಂದಿನಿಂದ ನಾಲ್ಕು ಬೆರಳು ಒಳಗೆ ಬಂದವು. ಚಿಕ್ಕವು, ಉಗುರಿನಲ್ಲಿ ಮಣ್ಣು. ಮೀನಿನ ಮರಿಗಳಂತೆ ಮಿಸುಕಾಡಿದವು. ನಿಂತವು. ಕಾದವು. ಮತ್ತೆ ಮಿಸುಕಾಡಿದವು.

ನಾನು ಸೂಜಿ ಕೆಳಗಿಟ್ಟು, ಬಗ್ಗಿ, ಕಿರುಬೆರಳ ತುದಿಯಿಂದ ಅದರಲ್ಲೊಂದನ್ನು ಮುಟ್ಟಿದೆ.

ಬೆರಳುಗಳು ಸರಕ್ಕನೆ ಹಿಂದೆ ಹೋದವು. ಹೊರಗೆ ಬಾಯಿ ಮುಚ್ಚಿಕೊಂಡು ನಕ್ಕ ಸದ್ದು. ಓಡಿದ ಸದ್ದೇ ಇಲ್ಲ, ಪಾದಗಳು ಮಾತ್ರ ಇರಲಿಲ್ಲ.

ಯಾಕೆ ಮುಟ್ಟಿದೆನೋ. "ಯಾರದು" ಎಂದು ಕೇಳಿದ್ದರೆ ಆಗುತ್ತಿತ್ತು.

ಡಿಸೆಂಬರ್ 26

ಗೊತ್ತಾಯಿತು.

ಚಿನಕುರಳಿಯ ತಲೆಗೆ ನೀರು ಹಾಕುತ್ತಿದ್ದೆ. ಬಚ್ಚಲಿನಲ್ಲಿ ನಾವಿಬ್ಬರೇ. ಅವಳು ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು.

"ಚಿಕ್ಕಮ್ಮ, ನಾನು ಕೇಳ್ತಾ ಇಲ್ಲ."

"ಏನನ್ನ?"

"ಪಾಪು ವಿಷಯ. ಅಜ್ಜಿ ಬಸ್ಸಲ್ಲಿ ಹೇಳಿದ್ದಾರೆ. ಚಿಕ್ಕಮ್ಮನ ಮುಂದೆ ಯಾರೂ ಪಾಪು ವಿಷಯ ಎತ್ತಬಾರದು, ಎತ್ತಿದ್ರೆ ಚಿಕ್ಕಮ್ಮಂಗೆ ನೋವಾಗತ್ತೆ ಅಂತ."

ಚೊಂಬು ನನ್ನ ಕೈಯಲ್ಲೇ ಇತ್ತು.

"ನಾನು ಎತ್ತಿಲ್ಲ ಚಿಕ್ಕಮ್ಮ. ಗುಂಡನೂ ಎತ್ತಿಲ್ಲ. ಗಲಾಟೇನೂ ಮಾಡಲ್ಲ. ಬೆರಳು ಮಾತ್ರ ಮುಟ್ಟಿದೆ. ತಣ್ಣಗಿತ್ತು. ಅದಕ್ಕೆ ಹುಷಾರಿಲ್ವಾ? ಅದಕ್ಕೇ ನೀವು ಬಾಗಿಲು ಹಾಕಿ ಇಟ್ಟಿದ್ದೀರಾ?"

ಈಗೆಲ್ಲ ತಿಳಿಯಿತು. ನನಗೆ ಮಗುವಿಲ್ಲ, ಆ ಮಾತು ತೆಗೆದು ನೋಯಿಸಬೇಡಿ ಎಂದು ಅತ್ತೆ ಹೇಳಿದ್ದಾರೆ. ಮಕ್ಕಳಿಗೆ ಅರ್ಥವಾದದ್ದು ಬೇರೆ: ಚಿಕ್ಕಮ್ಮನಿಗೆ ಒಂದು ಪಾಪು ಇದೆ, ಅದರ ವಿಷಯ ಯಾರೂ ಆಡಬಾರದು. ಮನೆಗೆ ಬಂದರೆ ಒಂದು ಮುಚ್ಚಿದ ಕೋಣೆ. ಚಿಕ್ಕಮ್ಮ ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಮೇಲೆ, ಕೆಳಗೆ ಎಂದು ಆಡಿಸುತ್ತಾಳೆ. ಪಾಪ, ಮಕ್ಕಳು ಇನ್ನೇನು ತಿಳಿದಾವು.

ಹೇಳಿಬಿಡಬೇಕಿತ್ತು. ಇಲ್ಲ ಕಂದ, ಯಾವ ಪಾಪುವೂ ಇಲ್ಲ ಎಂದು. ಬಾಯಿ ತೆರೆದೆ. ಅವಳ ರೆಪ್ಪೆಯ ಮೇಲೆ ನೀರು ನಿಂತಿತ್ತು. "ಈಗ ಮಲಗಿದ್ಯಾ?" ಎಂದು ಕೇಳಿದಳು.

"ಹೂಂ. ಮಲಗಿದೆ" ಎಂದೆ.

ನಾಳೆ ಮೂವರನ್ನೂ ಕೂರಿಸಿಕೊಂಡು ನಿಜ ಹೇಳುತ್ತೇನೆ.

ಡಿಸೆಂಬರ್ 27

ಹೇಳಲು ಹೊತ್ತು ಸಿಗಲಿಲ್ಲ. ಟ್ರಂಕಿನ ಕೋಣೆಯಲ್ಲಿ ಟ್ರಂಕನ್ನು ಕಿಟಕಿಯಿಂದ ದೂರ ಸರಿಸಿದೆ. ಕಪ್ಪು ಕೋಟಿಗೆ ಬೆಳಕು ಬೇಕು. ಹಾಸಿಗೆ ಬಿಚ್ಚಿ ಬಿಸಿಲಿಗೆ ಹಾಕಿ, ಮತ್ತೆ ಸುತ್ತದೆ ಹಾಸಿಬಿಟ್ಟೆ. ಸುತ್ತಿಟ್ಟರೆ ಮುಗ್ಗಲು ಹಿಡಿಯುತ್ತದೆ.

ಸಂಜೆ ಮೆಟ್ಟಿಲಲ್ಲಿ ಮೂವರೂ ನನ್ನನ್ನು ಸುತ್ತುವರಿದರು. ಚಿನಕುರಳಿ ಹೇಳಿಬಿಟ್ಟಿದ್ದಾಳೆ. ಟೀಚರಮ್ಮ ಮುಂದೆ ಬಂದು, "ನಾವು ಯಾರಿಗೂ ಹೇಳಲ್ಲ ಚಿಕ್ಕಮ್ಮ, ಆದರೆ ನೋಡಬಹುದಾ?" ಎಂದಳು.

"ಬೇಡ. ಬೆಳಕು ಬಿದ್ದರೆ ಅಳತ್ತೆ."

ಎಲ್ಲಿಂದ ಬಂತೋ ಆ ಮಾತು. ಅವಳು ದೊಡ್ಡವರಂತೆ ತಲೆಯಾಡಿಸಿದಳು.

ಗುಂಡ ಕೇಳಿದ. "ಹಲ್ಲು ಬಂದಿದ್ಯಾ?"

"ಎರಡು."

"ನಂಗೆ ಎರಡು ಬಿದ್ದಿವೆ" ಎಂದು ಬಾಯಿ ತೆರೆದು ತೋರಿಸಿದ. "ಅದಕ್ಕೇ ಸಿಕ್ಕಿರಬೇಕು."

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು ಹಾಗೆ ನಕ್ಕು. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ಬಗ್ಗಿ ನೋಡಿದರು.

ಡಿಸೆಂಬರ್ 28

ಅಂಗಡಿ ರಜೆಗೆ ಮುಚ್ಚುವ ಮುಂಚಿನ ಕೊನೆಯ ದಿನ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರು ಇನ್ನೊಂದಿಷ್ಟು ಹೊತ್ತು ಇರಮ್ಮ ಎಂದರು. ಯಾವತ್ತೂ ಇಲ್ಲ ಎಂದವಳಲ್ಲ ನಾನು.

"ಆಗಲ್ಲ. ಮನೇಲಿ ಬಿಟ್ಟು ಬಂದಿದ್ದೀನಿ" ಎಂದೆ.

ಇಸ್ತ್ರಿಯಣ್ಣ ತಲೆ ಎತ್ತಿದ. "ಯಾರನ್ನ ತಾಯಿ? ಒಲೆ ಮೇಲೆ ಹಾಲನ್ನಾ?"

"ಓರಗಿತ್ತಿ ಮಕ್ಕಳನ್ನ" ಎಂದೆ. ಅದನ್ನೇ ಹೇಳಲು ಹೊರಟಿದ್ದೆ.

ಡಿಸೆಂಬರ್ 29

ಬೆಳಿಗ್ಗೆ ನಾನೂ ಅಕ್ಕನೂ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದೆವು. ಮೂರು ಮಕ್ಕಳೂ ನಮ್ಮ ಕಾಲಬಳಿ ಕೂತು ಸಿಪ್ಪೆ ಆಯುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಬೆನ್ನು ನೀವಿಕೊಳ್ಳುತ್ತಿದ್ದರು. ಗಂಡಸರು ಹೊರಗೆ ಹೋಗಿದ್ದರು.

ಟ್ರಂಕಿನ ಕೋಣೆಯಲ್ಲಿ ಗೋಲಿ ಉರುಳಿತು.

ಸ್ಪಷ್ಟವಾಗಿ ಕೇಳಿತು. ನೆಲದ ಉದ್ದಕ್ಕೂ ಉರುಳಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಅಷ್ಟೇ ನಿಧಾನವಾಗಿ ಹಿಂದಕ್ಕೆ ಉರುಳಿತು.

ಅಕ್ಕನ ಕೈಯಲ್ಲಿ ಬಟಾಣಿಯ ಕಾಯಿ ಹಾಗೇ ಉಳಿಯಿತು. "ಯಾರೇ ಇದ್ದಾರೆ ಒಳಗೆ?"

ಮೂರೂ ಮಕ್ಕಳು ನನ್ನ ಮುಖವನ್ನೇ ನೋಡಿದರು.

"ಯಾರೂ ಇಲ್ಲ ಅಕ್ಕ. ಇಲಿ ಇರಬೇಕು."

ಟೀಚರಮ್ಮ ಗುಂಡನಿಗೆ ಕಣ್ಣಲ್ಲೇ ಏನೋ ಹೇಳಿದಳು. ಚಿಕ್ಕಮ್ಮ ಚೆನ್ನಾಗಿ ಮುಚ್ಚಿಟ್ಟರು ಎನ್ನುವ ಹಾಗೆ.

ಎದ್ದು ಹೋಗಿ ನೋಡಿದೆ. ಗೋಲಿ ಹಾಸಿಗೆಯ ಪಕ್ಕದಲ್ಲಿತ್ತು. ನೆಲ ಒಂದು ಕಡೆಗೆ ಇಳಿಜಾರು. ಗೋಡೆಗೆ ಬಡಿದು ವಾಪಸು ಬಂದಿರಬೇಕು. ಬಡಿದ ಸದ್ದು ಕೇಳಿಸಲಿಲ್ಲ, ಅಷ್ಟೇ. ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂತು ಬಂದೆ. ಬರುವಾಗ ಅತ್ತೆ ಅಲ್ಲೇ ನಿಂತಿದ್ದರು.

"ಯಾರ ಜೊತೆ ಮಾತಾಡ್ತಿದ್ದೆಯಮ್ಮ?"

"ಯಾರ ಜೊತೆಯೂ ಇಲ್ಲ ಅತ್ತೆ. ಎಳೆ ಎಣಿಸ್ತಿದ್ದೆ."

ಅವರು ನನ್ನ ಕೈ ನೋಡಿದರು. ಕೈಯಲ್ಲಿ ಕೋಟೂ ಇರಲಿಲ್ಲ, ಸೂಜಿಯೂ ಇರಲಿಲ್ಲ.

ಡಿಸೆಂಬರ್ 30

ಚೆನ್ನಾಗಿ ನಿದ್ದೆ ಬಂತು.

ಡಿಸೆಂಬರ್ 31

ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮಕ್ಕಳನ್ನು ಹೊರಗೆ ಆಡಲು ಕಳಿಸಿ, ನನ್ನನ್ನು ಹಜಾರಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಭಾವ ಫ್ಯಾನನ್ನೇ ನೋಡುತ್ತಿದ್ದರು, ಚಳಿಗಾಲದಲ್ಲಿ ಅದು ತಿರುಗುತ್ತಲೂ ಇರಲಿಲ್ಲ. ಇವರು ನೆಲ ನೋಡುತ್ತಿದ್ದರು. ಅಕ್ಕ ಸೇಬು ಹೆಚ್ಚುತ್ತಿದ್ದರು.

"ನೋಡಮ್ಮ, ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ" ಎಂದು ಅತ್ತೆ ಶುರುಮಾಡಿದರು. "ಅವಳಿಗೆ ಇದು ನಾಲ್ಕನೇದು. ನಿನಗೆ ಹೇಳಿರಲಿಲ್ಲ, ನೊಂದ್ಕೋತೀಯ ಅಂತ. ಮೂರನ್ನ ಸಾಕೋದೇ ಅವರಿಗೆ ಹೆಚ್ಚು. ನಿನಗೆ ಒಂದೂ ಇಲ್ಲ. ಹುಟ್ಟಿದ ದಿನವೇ ನಿನ್ನ ಮಡಿಲಿಗೆ ಹಾಕೋದು ಅಂತ ನಾವೆಲ್ಲ ಮಾತಾಡ್ಕೊಂಡಿದ್ದೀವಿ. ಹೊರಗಿನದಲ್ಲ, ನಮ್ಮದೇ ರಕ್ತ."

ನಾನು ಇವರ ಕಡೆ ನೋಡಿದೆ. ಇವರಿಗೆ ಮೊದಲೇ ಗೊತ್ತಿತ್ತು.

"ಎಲ್ಲರೂ ಇದ್ದಾಗ ಹೇಳೋಣ ಅಂದ್ಕೊಂಡೆ. ನಿನಗೆ ಖುಷಿ ಆಗತ್ತೆ ಅಂತ" ಎಂದು ಇವರೇ ಹೇಳಿದರು.

ಅಕ್ಕ ಚಾಕು ಕೆಳಗಿಟ್ಟರು. "ಹೆಣ್ಣಾಗಲಿ, ಗಂಡಾಗಲಿ, ನಿನ್ನದೇ ಕಣೆ. ನಾನು ಆಮೇಲೆ ಒಂದು ಮಾತೂ ಆಡಲ್ಲ" ಎಂದರು. ಹೇಳುವಾಗ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅದು ಅಲ್ಲಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

ಮಗುವಿಗಾಗಿ ಕಾದ ಈ ಆರು ವರ್ಷದಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ನಾನು ಅವರ ಕಾಲು ಹಿಡಿದು ಅಳುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಷ್ಟು ಸಲ ಇದನ್ನೇ ಬೇಡಿಕೊಂಡಿಲ್ಲ, ಯಾರದಾದರೂ ಆಗಲಿ, ಒಂದು ಕೊಡಿ ಎಂದು. ಈಗ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹಿರಿಯರ ಮುಂದೆ ನನಗೆ ದನಿ ಹೊರಡುವುದಿಲ್ಲ. ಇವತ್ತು ಹೊರಟಿತು.

"ಬೇಡ ಅಕ್ಕ. ಇರೋ ಒಂದಕ್ಕೇ ನನಗೆ ಹೊತ್ತು ಸಾಲ್ತಿಲ್ಲ."

ಭಾವ ಫ್ಯಾನಿನಿಂದ ಕಣ್ಣು ಇಳಿಸಿದರು. ಅತ್ತೆ, "ಏನಂದೆ?" ಎಂದರು.

ಆಗ ಮುಂಬಾಗಿಲು ದಡಾರನೆ ತೆರೆದುಕೊಂಡಿತು. ಮಕ್ಕಳು ಆಡಲು ಹೋಗದೆ ಬಾಗಿಲಿಗೆ ಕಿವಿಕೊಟ್ಟು ನಿಂತಿದ್ದರು. ಚಿನಕುರಳಿ ಹತ್ತು ದಿನ ಕಟ್ಟಿಟ್ಟ ಬಾಯನ್ನು ಒಟ್ಟಿಗೆ ಬಿಟ್ಟಳು.

"ಹೇಳ್ಬಿಟ್ರು! ಚಿಕ್ಕಮ್ಮನೇ ಹೇಳ್ಬಿಟ್ರು! ನಾವು ಎತ್ತಿಲ್ಲ ಅಜ್ಜಿ, ಅವರೇ ಎತ್ತಿದ್ದು!"

"ಏನೇ ಎತ್ತಿದ್ದು?"

"ಪಾಪು ವಿಷಯ!"

ಆಮೇಲೆ ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಹಿಂದಿನ ಕೋಣೆಯಲ್ಲಿದೆ. ಬೆರಳು ತಣ್ಣಗಿದೆ. ಹಲ್ಲು ಎರಡು. ಬೆಳಕು ಬಿದ್ದರೆ ಅಳುತ್ತದೆ. ಅರ್ಧ ಬಿಸ್ಕತ್ತು ತಿನ್ನುತ್ತದೆ. ಗುಂಡ, "ನನ್ನ ಗೋಲಿ ಇಟ್ಕೊಂಡಿದೆ, ಪರವಾಗಿಲ್ಲ, ಕೊಟ್ಟಿದ್ದೀನಿ" ಎಂದ. ಟೀಚರಮ್ಮ ಅಜ್ಜಿಯ ಕಡೆ ತಿರುಗಿ, "ನೀವು ಹೇಳಿದ ಹಾಗೇ ಗುಟ್ಟಾಗಿ ಇಟ್ಟಿದ್ವಿ. ಸರಿ ಅಲ್ವಾ ಅಜ್ಜಿ?" ಎಂದಳು.

ಅತ್ತೆಯ ತುಟಿಯ ಬಣ್ಣ ಹೋಗಿತ್ತು. ಅಕ್ಕ ಚಿನಕುರಳಿಯನ್ನು ಎಳೆದು ಮಗ್ಗುಲಿಗೆ ಒತ್ತಿಕೊಂಡರು. ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ಅಡುಗೆಮನೆಯ ಆಚೆ ನೋಡಿದರು.

"ಮೆಲ್ಲಗೆ ಮಾತಾಡ್ರೋ" ಎಂದು ಮಕ್ಕಳಿಗೆ ಹೇಳಿ, ಸೇಬಿನ ಸಿಪ್ಪೆ ಎತ್ತಿಕೊಂಡು ನಾನು ಒಳಗೆ ಹೋದೆ.

ಜನವರಿ 1

ಮೂರನೇ ತಾರೀಖಿನವರೆಗೂ ಇರಬೇಕಿದ್ದವರು ಇವತ್ತೇ ಹೊರಟರು. ಚಾವಣಿಯವನು ಕರೆದನಂತೆ. ಅತ್ತೆ ನನ್ನ ತಲೆ ಸವರಿದರು, ಆದರೆ ಕೈ ಪೂರ್ತಿ ಊರಲಿಲ್ಲ. "ನಾನು ಒಳ್ಳೇದಕ್ಕೇ ಹೇಳಿದ್ದಮ್ಮ ಮಕ್ಕಳಿಗೆ" ಎಂದರು.

ಅಕ್ಕ ಗೇಟಿನ ತನಕ ಹೋಗಿ ಒಮ್ಮೆ ತಿರುಗಿ ನೋಡಿದರು. ಚಿನಕುರಳಿ ಭಾವನ ಹೆಗಲ ಮೇಲಿಂದ ಕೈ ಬೀಸಿದಳು. ನನಗಲ್ಲ. ಮನೆಯ ಮಗ್ಗುಲಲ್ಲಿ ಕಾಣುವ ಟ್ರಂಕಿನ ಕೋಣೆಯ ಕಿಟಕಿಗೆ.

ಜನವರಿ 2

ಇವರು ಬೆಳಿಗ್ಗೆ ದೊಡ್ಡ ಬಲ್ಬು ತಂದರು. ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ಬಲ್ಬು ಹಾಕಿ ನನ್ನನ್ನು ಕರೆದರು.

"ಬಾ ಇಲ್ಲಿ. ಇದು ಟ್ರಂಕು. ಇದು ಹಾಸಿಗೆ. ಇದು ನಿನ್ನ ದೀಪ. ಇನ್ನೇನಿದೆ ಹೇಳು."

"ಇನ್ನೇನೂ ಇಲ್ಲ. ನನಗೆ ಗೊತ್ತಿಲ್ವಾ? ನಾನೇನು ಹುಚ್ಚಿಯಾ?"

"ಗೊತ್ತಿದ್ದೂ ಯಾಕೆ ಹಾಗಂದೆ? ಎಂಥಾ ಮಾತು ಅದು, ಅವರೆಲ್ಲರ ಮುಂದೆ?"

"ಆರು ವರ್ಷ ಎಲ್ಲರೂ ಕೇಳಬಾರದು, ಕೇಳಬಾರದು ಅಂತ ಬಾಯಿ ಮುಚ್ಕೊಂಡ್ರಿ. ಮಕ್ಕಳು ಮಾತ್ರ ಕೇಳಿದ್ರು. ಹಲ್ಲು ಬಂತಾ, ಮಲಗಿದ್ಯಾ ಅಂತ. ಕೇಳಿದ್ದಕ್ಕೆ ಹೇಳಿದೆ."

ಇವರು ಟ್ರಂಕಿನ ಮೇಲೆ ಕೂತು ಅತ್ತರು. ಅಷ್ಟು ದೊಡ್ಡ ದನಿಯ ಮನುಷ್ಯ, ಅಳುವಾಗ ಸದ್ದೇ ಇರಲಿಲ್ಲ. ಅಕ್ಕನ ಮಗುವಿನ ವಿಷಯ ನನ್ನನ್ನು ಮೊದಲು ಕೇಳಬೇಕಿತ್ತು ಎಂದರು. ಈಗಲೂ ತಡವಾಗಿಲ್ಲ, ಬೇಕೆಂದರೆ ಹೂಂ ಅನ್ನೋಣ ಎಂದರು. ಇನ್ನು ಹಾಗೆಲ್ಲ ಕಲ್ಪಿಸಿಕೊಳ್ಳಬೇಡ ಎಂದರು. ಅವರಿಗೆ ಸಮಾಧಾನವಾಗಲೆಂದು ಎಲ್ಲದಕ್ಕೂ ತಲೆಯಾಡಿಸಿದೆ.

ಹೊರಗೆ ಬರುವಾಗ ಬಾಗಿಲು ಕಚ್ಚಿಕೊಂಡಿತು. ಇವರು ಜಗ್ಗಿ ಎಳೆಯಲು ಹೋದರು. ನಾನು ಕೈ ಹಿಡಿದೆ. ಯಾಕೆಂದು ಅವರು ಕೇಳಲಿಲ್ಲ. ಸ್ವಲ್ಪ ಸ್ವಲ್ಪವೇ ಎಳೆದು ಮುಚ್ಚಿದರು.

ಬಲ್ಬು ತುಂಬ ಚುಚ್ಚುತ್ತದೆ. ಇವರು ಹೋದ ಮೇಲೆ ಬಿಚ್ಚಿಟ್ಟೆ.

ಜನವರಿ 6

ಅಂಗಡಿ ತೆರೆದಿದೆ. ರಜೆಯಲ್ಲಿ ಹೊಸದಾಗಿ ಸುಟ್ಟುಕೊಂಡ ಕೋಟುಗಳು ಬಂದಿವೆ. ಬೇಗ ಮುಗಿಸಿ ಬಂದೆ.

ಸಂಜೆ ಅಕ್ಕ ಫೋನು ಮಾಡಿದರು. ಇವರು ಎತ್ತಿ ನನಗೆ ಕೊಟ್ಟರು. ಅಕ್ಕ ಒಬ್ಬರೇ ಇದ್ದಂತಿತ್ತು. ಬಾಗಿಲು ಹಾಕಿಕೊಂಡು ಮಾತಾಡುವವರ ದನಿ.

"ಇನ್ನೊಂದು ಸಲ ಕೇಳು ಅಂತ ಅತ್ತೆ ಹೇಳಿದ್ದಾರೆ. ಅದಕ್ಕೆ ಕೇಳ್ತಿದ್ದೀನಿ. ಬೇಕೇನೆ?"

"ಬೇಡ ಅಕ್ಕ. ನಿಮ್ಮದು ನಿಮ್ಮ ಹತ್ತಿರವೇ ಇರಲಿ."

ಅವರು ಅತ್ತರು. ಬಹಳ ಹೊತ್ತು. "ಕೊಡೋಕೆ ನನಗೆ ಮನಸ್ಸಿರಲಿಲ್ಲ ಕಣೆ. ಯಾರೂ ನನ್ನನ್ನೂ ಕೇಳಿರಲಿಲ್ಲ. ನೀನು ಹೂಂ ಅಂದಿದ್ರೆ ನಾನು ಏನಾಗ್ತಿದ್ದೆನೋ. ನಿನ್ನ ಋಣ ತೀರಿಸೋಕಾಗಲ್ಲ" ಎಂದರು.

ಮೂಗು ಒರೆಸಿಕೊಂಡರು. ಫೋನು ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ.

"ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ. ಆವತ್ತು ಬಟಾಣಿ ಸುಲಿಯುವಾಗ ನಾನೂ ಕೇಳಿಸ್ಕೊಂಡೆನಲ್ಲ. ಮನೆಗೆ ಬಂದಾಗಿನಿಂದ ಅದೇ ತಲೇಲಿ." ಉಸಿರು ಎಳೆದುಕೊಂಡರು. "ಹುಡುಗನಾ, ಹುಡುಗೀನಾ?"

"ಹುಡುಗಿ ಅಕ್ಕ."

ಯೋಚಿಸಬೇಕಾಗಲಿಲ್ಲ. ಇವರು ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಕೈ ಚಾಚಿ ರೇಡಿಯೋ ನಿಲ್ಲಿಸಿದರು.

"ಹೆಸರು ಇಟ್ಟಿದ್ದೀಯಾ?" ಎಂದು ಅಕ್ಕ ಕೇಳಿದರು.

ಹೇಳಿದೆ. ತುಂಬ ಮೆಲ್ಲಗೆ ಹೇಳಿದೆ, ಕರೆದಂತಾಗಬಾರದೆಂದು.